ಡೈರೆಕ್ಟ್ ಮಾಡಿದ ಐದು ಯಂತ್ರಗಳು

ಹೋದ ತಿಂಗಳು ಅಹಮದಾಬಾದಿನ ನನ್ನ ಹಳೆಯ ಆಫೀಸಿನಿಂದ ಫೋನು ಬಂತು. ಮನೆಗಳಲ್ಲಿರುವ ಎಸ್ಪ್ರೆಸೊ ಕಾಫಿ ಯಂತ್ರಗಳ ರಿಪೇರಿಗೆ ಹೊಸದಾಗಿ ಆರು ಜನರನ್ನು ತೆಗೆದುಕೊಂಡಿದ್ದಾರಂತೆ. ಅವರಲ್ಲಿ ಇಬ್ಬರು ಕನ್ನಡದವರು, ಒಬ್ಬ ಗದಗಿನವನು, ಇನ್ನೊಬ್ಬಳು ತುಮಕೂರಿನವಳು. ಬಂದು ಅರ್ಧ ಗಂಟೆ ಅನುಭವ ಹೇಳಿ ಎಂದರು. ಮೊಣಕಾಲು ಹಿಡಿದುಕೊಂಡು ಮೂರು ಮಹಡಿ ಹತ್ತಿ ಹೋದೆ. ವಾಷರ್ ಯಾವಾಗ ಬದಲಿಸಬೇಕು, ಹಾಲು ನೊರೆಬರಿಸುವ ಹಬೆಯ ಕೊಳವೆಯನ್ನು ಯಾಕೆ ಕೂಡಲೇ ಒರೆಸಬೇಕು, ಇಂಥವನ್ನೇ ಹೇಳಿದೆ. ಚಪ್ಪಾಳೆ ತಟ್ಟಿದರು, ಒಂದು ಪೆನ್ನು ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಹೇಳಲೇಬೇಕಾಗಿದ್ದನ್ನು ಬಿಟ್ಟು ಬೇರೆಲ್ಲವನ್ನೂ ಹೇಳಿ ಬಂದಿದ್ದೆ. ಆ ಪೆನ್ನಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಆ ಇಬ್ಬರು ಓದಿಕೊಳ್ಳಲಿ, ಉಳಿದ ನಾಲ್ವರಿಗೆ ಅವರೇ ಹೇಳಲಿ.

ನನ್ನ ಹೆಸರು ಮಲ್ಲಪ್ಪ. ಊರು ರಾಣೆಬೆನ್ನೂರಿನ ಹತ್ತಿರ. ಇಲ್ಲಿಯವರ ಬಾಯಲ್ಲಿ ಮಲ್ಲುಭಾಯ್. ಗುಜರಾತಿಗೆ ಬಂದಾಗ ನನಗೆ ಕಾಫಿ ಯಂತ್ರ ಎಂದರೆ ಏನೆಂದೇ ಗೊತ್ತಿರಲಿಲ್ಲ. ಸೂರತ್ತಿನ ಉಧ್ನಾದಲ್ಲಿ ಸೀರೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯ ಬಾಯ್ಲರಿನ ಮುಂದೆ ನಿಂತು ಹದಿನೇಳು ವರ್ಷ ಕಳೆದೆ. ಆ ಬಾಯ್ಲರಿನೊಳಗೆ ನಾಲ್ಕು ಜನ ಕೂತು ಊಟ ಮಾಡಬಹುದಿತ್ತು, ಅಷ್ಟು ದೊಡ್ಡದು. ನೀರಿನ ಮಟ್ಟ ನೋಡುವುದು, ಒತ್ತಡ ನೋಡುವುದು, ತಳದ ಉಪ್ಪು ಹೊರಗೆ ಬಿಡುವುದು, ಮತ್ತೆ ನೀರಿನ ಮಟ್ಟ ನೋಡುವುದು. ಕಾರ್ಖಾನೆ ಮುಚ್ಚಿದ ಮೇಲೆ ಗೆಳೆಯನೊಬ್ಬ ಅಹಮದಾಬಾದಿಗೆ ಕರೆತಂದು ಈ ಕೆಲಸಕ್ಕೆ ಸೇರಿಸಿದ. ಮೊದಲ ದಿನ ಮನೆಯ ಎಸ್ಪ್ರೆಸೊ ಯಂತ್ರದ ಮುಚ್ಚಳ ಬಿಚ್ಚಿ ತೋರಿಸಿದರು. ಒಳಗೆ ಚಹಾ ಲೋಟದಷ್ಟೇ ಇರುವ ಒಂದು ಬಾಯ್ಲರು. ನನಗೆ ನಗು ಬಂತು.

ಆ ನಗುವಿಗೆ ಒಂದು ವಾರದೊಳಗೇ ಬೆಲೆ ತೆತ್ತೆ. ಬಾಯ್ಲರಿನ ಒಳಗೆ ನೀರಿನ ಉಪ್ಪು ಬಿಳಿ ಹಕ್ಕಳೆಯಾಗಿ ಕಟ್ಟಿಕೊಳ್ಳುತ್ತದೆ. ಗುಜರಾತಿನವರು ಅದಕ್ಕೆ ಕ್ಷಾರ ಅನ್ನುತ್ತಾರೆ. ಉಧ್ನಾದಲ್ಲಿ ಅದನ್ನು ತೆಗೆಯಲು ನಾವು ಬಳಸುತ್ತಿದ್ದ ಆಮ್ಲವನ್ನೇ ಇಲ್ಲಿಯೂ ನೀರಿಗೆ ಬೆರೆಸಿ ಹಾಕಿಬಿಟ್ಟೆ. ಅದು ಉಕ್ಕಿನ ಬಾಯ್ಲರು, ಇದು ತೆಳು ಅಲ್ಯೂಮಿನಿಯಮ್ಮಿನದು. ಹೊರಬಂದ ನೀರು ಕಪ್ಪಗಿತ್ತು. ಮಾರನೆಯ ದಿನ ಬಾಯ್ಲರಿನ ತಳದಲ್ಲಿ ಸೂಜಿ ಚುಚ್ಚಿದಂತೆ ಮೂರು ತೂತು. ಆಫೀಸಿನ ಮುದುಕ ಫಿಟ್ಟರೊಬ್ಬರು ಬೈಯಲಿಲ್ಲ. ಇಲ್ಲಿ ಪ್ರತಿ ಅಡುಗೆಮನೆಯಲ್ಲೂ ಖಮಣ ಎಂಬ ಕಡಲೆಹಿಟ್ಟಿನ ತಿಂಡಿಗೆಂದು ಲಿಂಬು ನಾ ಫೂಲ್ ಇರುತ್ತದೆ, ನಮ್ಮ ನಿಂಬೆಹುಳಿಯ ಉಪ್ಪು, ಅಷ್ಟೇ ಸಾಕು, ಆದರೆ ಹಾಕಿ ಕಾಯಬೇಕು, ಆಮೇಲೆ ಮೂರು ಟ್ಯಾಂಕು ಒಳ್ಳೆಯ ನೀರು ಹಾಯಿಸಬೇಕು ಎಂದು ಹೇಳಿಕೊಟ್ಟರು. ಕಾಯುವುದೇ ಈ ಕೆಲಸದ ಅರ್ಧ ಎಂದರು. ಯಂತ್ರ ದೊಡ್ಡದಿರಲಿ ಸಣ್ಣದಿರಲಿ, ನೀರು, ಕಾವು, ಒತ್ತಡ, ಉಪ್ಪು ನಾಲ್ಕೂ ಒಂದೇ ಎಂದು ನನಗೆ ತಿಳಿಯಲು ಆ ಮೂರು ತೂತು ಬೇಕಾದವು.

ನೀರಿನ ವಿಷಯದಲ್ಲಿ ಇನ್ನೊಂದು ಮಾತು. ಅಹಮದಾಬಾದಿನಲ್ಲಿ ಬಾಹ್ಯಾಕಾಶ ಸಂಶೋಧನೆಯ ಕೆಲಸದಲ್ಲಿದ್ದ ಮೈಸೂರಿನ ವಿಜ್ಞಾನಿಯೊಬ್ಬರ ಮನೆಗೆ ಒಂದೇ ತಿಂಗಳಲ್ಲಿ ಮೂರು ಸಲ ಹೋದೆ. ಟ್ಯಾಂಕಿನ ತುಂಬ ನೀರಿದ್ದರೂ ಯಂತ್ರ ನೀರಿಲ್ಲವೆಂದು ಕೆಂಪು ದೀಪ ತೋರಿಸುತ್ತಿತ್ತು. ಮೊದಲ ಸಲ ಮಟ್ಟ ಅಳೆಯುವ ಕಡ್ಡಿ ಬದಲಿಸಿದೆ. ಎರಡನೆಯ ಸಲ ಸರ್ಕೀಟು ಬೋರ್ಡನ್ನೇ ಬದಲಿಸಿದೆ. ಮೂರನೆಯ ಸಲ ನಾನು ತಲೆ ಕೆರೆದುಕೊಂಡು ಕೂತಿದ್ದಾಗ ಅವರ ಹೆಂಡತಿ ಬಾಗಿಲಲ್ಲಿ ನಿಂತು, ತಾನು ಕುಡಿಯುವ ನೀರು ಹಾಕಿದ ದಿನ ಯಂತ್ರ ಚೆನ್ನಾಗಿಯೇ ನಡೆಯುತ್ತದೆ, ಇವರು ಹಾಕಿದ ದಿನ ಮಾತ್ರ ಕೆಡುತ್ತದೆ ಎಂದರು. ಇವರು ಏನು ಹಾಕುತ್ತಾರೆ ಎಂದು ಕೇಳಿದೆ. ಯಂತ್ರಕ್ಕೆ ಕ್ಷಾರ ಕಟ್ಟಬಾರದೆಂದು ಆ ಮಹಾನುಭಾವರು ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ತಂದು ಸುರಿಯುತ್ತಿದ್ದರು. ನೀರಿನಲ್ಲಿ ಒಂದಿಷ್ಟಾದರೂ ಉಪ್ಪಿದ್ದರೆ ತಾನೆ ಆ ಕಡ್ಡಿಗೆ ಕರೆಂಟು ತಾಗಿ ನೀರಿದೆಯೆಂದು ಗೊತ್ತಾಗುವುದು. ವಿಜ್ಞಾನಿಗಳು ಹೆಂಡತಿಯ ಮುಖ ನೋಡಲಿಲ್ಲ, ನಾನು ಇಬ್ಬರ ಮುಖವನ್ನೂ ನೋಡಲಿಲ್ಲ. ಯಂತ್ರ ತೊಳೆಯುವವರು ಯಾರೋ ಅವರನ್ನು ಮೊದಲು ಕೇಳಿ. ಅವರಿಗೆ ಗೊತ್ತಿರುತ್ತದೆ.

ಇನ್ನು ಮೆಹುಲ್‌ಭಾಯ್ ವಿಷಯ. ಅವರು ನಮ್ಮ ಸರ್ವಿಸ್ ಮ್ಯಾನೇಜರು. ಕೆಟ್ಟ ಮನುಷ್ಯ ಎಂದು ಬರೆದರೆ ಸುಲಭ, ಆದರೆ ಅದು ಸುಳ್ಳು. ನನ್ನ ತಾಯಿ ತೀರಿಕೊಂಡಾಗ ರಜೆಯ ಅರ್ಜಿ ಕೇಳದೆ ರೈಲಿನ ಟಿಕೆಟು ತಾವೇ ತೆಗೆಸಿ ಸ್ಟೇಷನ್ನಿಗೆ ಬಂದು ಕೈಗಿತ್ತವರು. ಅವರ ಮೇಲೂ ಯಾರೋ ಇದ್ದರು, ಆ ಯಾರೋ ಹೊಸ ನಿಯಮ ತಂದರು. ಮೊದಲು ನಾವು ದಿನಕ್ಕೆ ಮೂರು ಮನೆಗೆ ಹೋಗುತ್ತಿದ್ದೆವು. ಅದು ಏಳಾಯಿತು. ಒಂದು ಮನೆಗೆ ನಲವತ್ತು ನಿಮಿಷ. ಕೆಲಸ ಮುಗಿದ ಕೂಡಲೆ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು. ಕ್ಷಾರ ಸರಿಯಾಗಿ ತೆಗೆಯಲಿಕ್ಕೇ ಒಂದೂವರೆ ಗಂಟೆ ಬೇಕು. ಹಾಗಾಗಿ ನಾವು ಆ ಹುಳಿಯ ಪುಡಿ ಜಾಸ್ತಿ ಹಾಕಿದೆವು, ಮೂರು ಟ್ಯಾಂಕಿನ ಬದಲು ಒಂದು ಟ್ಯಾಂಕು ನೀರು ಹಾಯಿಸಿದೆವು. ಮಾರನೆಯ ದಿನ ಕಾಫಿ ಹುಳಿಯಾಗಿದೆ ಎಂದು ಫೋನು ಬಂದರೆ, ಬೀಜ ಹಳೆಯದಿರಬೇಕು ಬೆನ್ ಅನ್ನುತ್ತಿದ್ದೆವು.

ಆ ದಿನಗಳಲ್ಲಿ ಒಮ್ಮೆ ಅಹಮದಾಬಾದಿನ ಪಾಲಡಿಯಲ್ಲಿ ಸರೋಜ್‌ಬೆನ್ ಎಂಬ ಜೈನ ಗೃಹಿಣಿಯ ಮನೆಗೆ ಹೋಗಿದ್ದೆ. ಯಂತ್ರದಿಂದ ವಾಸನೆ ಬರುತ್ತಿತ್ತು. ಹಿಂಬದಿ ಬಿಚ್ಚಿದರೆ ಬಾಯ್ಲರಿನ ಕಾವಿನಲ್ಲಿ ಬೆಚ್ಚಗೆ ಜಿರಳೆಗಳ ಸಂಸಾರ. ಇದೇನೂ ಹೊಸದಲ್ಲ. ಬೆಚ್ಚಗಿದ್ದು ಸಕ್ಕರೆ ಹಾಲು ಸಿಗುವ ಕಡೆ ಅವು ಸೇರಿಕೊಳ್ಳುತ್ತವೆ. ಚೀಲದಿಂದ ಔಷಧದ ಡಬ್ಬಿ ತೆಗೆದೆ. ಅವರು ಅಡ್ಡ ಬಂದು ಕೈ ಮುಗಿದು ನಿಂತರು. ಒಂದು ಜೀವವೂ ಹೋಗಬಾರದು, ಬೇಕಾದರೆ ಯಂತ್ರವನ್ನೇ ಎಸೆಯುತ್ತೇನೆ ಎಂದರು. ಕೊನೆಗೆ ಯಂತ್ರವನ್ನು ಬಾಲ್ಕನಿಗೆ ಒಯ್ದು, ಮುಚ್ಚಳಗಳನ್ನೆಲ್ಲ ಬಿಚ್ಚಿ, ಬಿಸಿಲಿಗೆ ಇಟ್ಟು, ಪಕ್ಕದಲ್ಲಿ ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಅವು ಒಂದೊಂದಾಗಿ ಹೊರಬಂದು ಗೋಡೆ ಹಿಡಿದು ಹೋದವು. ಎರಡು ಗಂಟೆ ಹಿಡಿಯಿತು. ಮೆಹುಲ್‌ಭಾಯ್ ನಾಲ್ಕು ಸಲ ಫೋನು ಮಾಡಿದರು, ಎತ್ತಲಿಲ್ಲ. ಸರೋಜ್‌ಬೆನ್ ಹಪ್ಪಳದಂಥ ಗರಿಗರಿ ರೊಟ್ಟಿ, ಬಿಸಿ ಖಾಖರಾ ಮಾಡಿ ತಂದುಕೊಟ್ಟರು. ನಲವತ್ತು ನಿಮಿಷದ ಆ ವರ್ಷಗಳಲ್ಲಿ ನಾನು ಪೂರ್ತಿ ಕೂತು ಮಾಡಿದ ಕೆಲಸ ಬಹುಶಃ ಅದೊಂದೇ.

ಈಗ ಬಸ್ಸಿನಲ್ಲಿ ನೆನಪಾದ ವಿಷಯಕ್ಕೆ ಬರುತ್ತೇನೆ.

ಯಂತ್ರದೊಳಗೆ, ಬಾಯ್ಲರಿನ ಮೈಗೆ ತಾಗಿ, ಒಂದು ಕಡಲೆಬೀಜದಷ್ಟು ಸಣ್ಣ ಸಾಮಾನು ಇರುತ್ತದೆ. ಅದಕ್ಕೆ ಥರ್ಮಲ್ ಫ್ಯೂಸ್ ಅನ್ನುತ್ತಾರೆ. ಕಾವು ಹಿಡಿತದಲ್ಲಿಡುವುದು ಥರ್ಮೋಸ್ಟ್ಯಾಟ್ ಎಂಬ ಬೇರೊಂದರ ಕೆಲಸ. ಅದು ಕೈಕೊಟ್ಟು ಬಾಯ್ಲರು ಮಿತಿ ಮೀರಿ ಕಾದರೆ, ಈ ಫ್ಯೂಸ್ ತಾನು ಸುಟ್ಟುಕೊಂಡು ಕರೆಂಟನ್ನೇ ನಿಲ್ಲಿಸಿಬಿಡುತ್ತದೆ. ಒಂದು ವರ್ಷ ನಮ್ಮ ಸ್ಟೋರಿನಲ್ಲಿ ಈ ಫ್ಯೂಸ್ ತಿಂಗಳುಗಟ್ಟಲೆ ಬರಲಿಲ್ಲ. ಫ್ಯೂಸ್ ಹೋದ ಯಂತ್ರಗಳ ಮನೆಯವರು ದಿನಾ ಫೋನು ಮಾಡುತ್ತಿದ್ದರು. ಮೆಹುಲ್‌ಭಾಯ್ ಒಂದು ಬೆಳಿಗ್ಗೆ ಎಲ್ಲರನ್ನೂ ಕರೆದು, ದನಿ ತಗ್ಗಿಸಿ, “ಡೈರೆಕ್ಟ್ ಕರ್ ದೋ” ಎಂದರು. ಅಂದರೆ ಫ್ಯೂಸ್ ತೆಗೆದು ಆ ಜಾಗದಲ್ಲಿ ಬರೀ ತಂತಿ ಸೇರಿಸಿಬಿಡಿ, ಸಾಮಾನು ಬಂದ ಮೇಲೆ ಹೋಗಿ ಸರಿಮಾಡಿ. ಬರವಣಿಗೆಯಲ್ಲಿ ಕೊಡಲಿಲ್ಲ, ನಾವು ಯಾರೂ ಕೇಳಲಿಲ್ಲ. ಬಾಯ್ಲರಿನ ಮುಂದೆ ಹದಿನೇಳು ವರ್ಷ ನಿಂತಿದ್ದ ನಾನಾದರೂ ಕೇಳಬೇಕಿತ್ತು. ಅಲ್ಲಿ ಸೇಫ್ಟಿ ವಾಲ್ವಿಗೆ ಯಾರಾದರೂ ತಂತಿ ಬಿಗಿದಿದ್ದರೆ ನಾನೇ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಇದು ಲೋಟದಷ್ಟು ಬಾಯ್ಲರು, ಏನಾದೀತು ಅಂದುಕೊಂಡೆ.

ಆ ತಿಂಗಳುಗಳಲ್ಲಿ ನಾನು ಐದು ಯಂತ್ರಗಳನ್ನು ಡೈರೆಕ್ಟ್ ಮಾಡಿದೆ.

ಅವುಗಳಲ್ಲಿ ಒಂದು ವಿದ್ಯಾಳದು. ವಡೋದರಾ ಹತ್ತಿರ ಕೊಯಾಲಿಯ ಟೌನ್‌ಶಿಪ್ಪಿನಲ್ಲಿ ಅವಳ ಮನೆ. ವಡೋದರಾ ಕಡೆಯ ಮನೆಗಳೂ ನನ್ನ ಪಾಲಿಗೇ ಇದ್ದವು. ಗಂಡ ಗಿರೀಶ ರಿಫೈನರಿಯಲ್ಲಿ ಇಂಜಿನಿಯರು. ಅವಳು ಹುಬ್ಬಳ್ಳಿಯವಳು. ಮೊದಲ ಸಲ ಹೋದಾಗ ನನ್ನ ಹಿಂದಿ ಕೇಳಿಯೇ ಗುರುತು ಹಿಡಿದು, ಎಲ್ಲಿಯವರ್ರಿ ನೀವು ಎಂದು ಕನ್ನಡದಲ್ಲಿ ಕೇಳಿದ್ದಳು. ಅಂದಿನಿಂದ ನಾನು ಅವಳಿಗೆ ಕಾಕಾ. ಆರು ತಿಂಗಳಿಗೊಮ್ಮೆ ಹೋದಾಗ ರೊಟ್ಟಿ, ಶೇಂಗಾ ಚಟ್ನಿ ಇಡದೆ ಕಳಿಸುತ್ತಿರಲಿಲ್ಲ. ಯಂತ್ರವನ್ನು ಅವಳಷ್ಟು ಶುಚಿಯಾಗಿ ಇಟ್ಟುಕೊಂಡವರನ್ನು ನಾನು ನೋಡಿಲ್ಲ. ವಾರಕ್ಕೊಮ್ಮೆ ತೂತಿಲ್ಲದ ಜಾಲರಿ ಹಾಕಿ, ತೊಳೆಯುವ ಪುಡಿ ಹಾಕಿ, ಒಳಗಿನ ಎಣ್ಣೆಜಿಡ್ಡು ತೊಳೆಯುವುದನ್ನು, ಹಿಡಿಕೆ ಕೂರುವ ಜಾಗದ ರಬ್ಬರ್ ವಾಷರ್ ತೆಗೆದು ತೊಳೆದು ಮತ್ತೆ ಕೂರಿಸುವುದನ್ನು ನಾನೇ ಕಲಿಸಿದ್ದೆ. ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ತೊಳೆಯುತ್ತಿದ್ದಳು. ಮಗಳು ಅನ್ವಿಗೆ ಏಳೆಂಟು ವರ್ಷ. ಆ ಮಗುವಿನ ಬಾಯಲ್ಲಿ ಕನ್ನಡ ಎರಡು ಮಾತು ಬಂದರೆ ಮೂರನೆಯದು ಗುಜರಾತಿ.

ಒಂದು ದಿನ ಅವಳ ಯಂತ್ರ ಸತ್ತುಹೋಗಿದೆ ಎಂದು ದೂರು ಬಂತು. ಹೋಗಿ ನೋಡಿದರೆ ಫ್ಯೂಸ್ ಹೋಗಿತ್ತು. ಫ್ಯೂಸ್ ಸುಮ್ಮನೆ ಹೋಗುವುದಿಲ್ಲ. ಅದರ ಹಿಂದೆ ಕೆಡುತ್ತಿರುವ ಥರ್ಮೋಸ್ಟ್ಯಾಟ್ ಇರುತ್ತದೆ. ಅದನ್ನು ಪರೀಕ್ಷಿಸಬೇಕೆಂದು ನನಗೆ ಗೊತ್ತಿತ್ತು. ಅದು ಆ ದಿನದ ಐದನೆಯ ಮನೆ, ಇನ್ನೆರಡು ಉಳಿದಿದ್ದವು. ತಂತಿ ಸೇರಿಸಿ, ಹೊಸ ಸಾಮಾನು ಬಂದ ಮೇಲೆ ನಾಲ್ಕು ದಿನದಲ್ಲಿ ಬರುತ್ತೇನೆ ಎಂದು ಹೇಳಿ, ರೊಟ್ಟಿಯನ್ನು ಕಟ್ಟಿಸಿಕೊಂಡು ಹೊರಟೆ. ಮಾರನೆಯ ದಿನ ಸೂರತ್ತಿನ ಮೆಕ್ಯಾನಿಕ್ ಕೆಲಸ ಬಿಟ್ಟ. ನನ್ನನ್ನು ಅಲ್ಲಿಗೆ ಕಳಿಸಿದರು. ಮೂರು ವಾರ ಅಲ್ಲೇ ಓಡಾಡಿದೆ. ಕೊಯಾಲಿ ಒಂದೆರಡು ಸಲ ನೆನಪಾಯಿತು. ಫೋನು ಮಾಡಿ, ಅದನ್ನು ಹಚ್ಚಬ್ಯಾಡವ್ವ ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ಮಾಡಲಿಲ್ಲ.

ವಾಪಸು ಬಂದ ದಿನ ಆಫೀಸಿನ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ ಲೀಕೇಜು ಎಂದು ಬರೆದಿತ್ತು. ಮೆಹುಲ್‌ಭಾಯ್ ಒಳಗೆ ಕರೆದು ಬಾಗಿಲು ಹಾಕಿ ನಡೆದದ್ದನ್ನು ಹೇಳಿದರು. ಥರ್ಮೋಸ್ಟ್ಯಾಟ್ ಅಂಟಿಕೊಂಡು ಬಾಯ್ಲರು ಕಾದು ಕಾದು, ಅವಳು ಕಾಫಿಪುಡಿಯ ಹಿಡಿಕೆಯನ್ನು ತಿರುವಿ ತೆಗೆಯುವಾಗ ಒಳಗಿನ ಹಬೆ, ಕುದಿನೀರು, ಪುಡಿ ಎಲ್ಲ ಒಮ್ಮೆಲೇ ಸಿಡಿದಿತ್ತು. ಬಲಗೈ ಮೊಣಕೈಯ ತನಕ ಬೆಂದಿತ್ತು. ಗಂಡ ಕಂಪನಿಗೆ ದೂರು ಕೊಟ್ಟಿದ್ದ. ಯಂತ್ರವನ್ನು ವರ್ಕ್‌ಶಾಪಿಗೆ ತರಿಸಿ, ನನ್ನ ತಂತಿಯನ್ನು ಕಿತ್ತು, ವರದಿಯನ್ನೂ ಬರೆದು ಇಟ್ಟಿದ್ದರು. ಇಂಗ್ಲಿಷಿನಲ್ಲಿ ಎರಡು ಸಾಲು. ಗ್ರಾಹಕರು ವಾಷರ್ ಸರಿಯಾಗಿ ಕೂರಿಸದೆ ಬಳಸಿದ್ದರಿಂದ ಹೀಗಾಗಿದೆ ಎಂದು. ಕೆಳಗೆ ಮೆಕ್ಯಾನಿಕ್ಕಿನ ಸಹಿಯ ಜಾಗ ಖಾಲಿ ಇತ್ತು.

ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಮಲ್ಲುಭಾಯ್ ಎಂದು ಅವರು ಕೇಳಿದರು. ಹೆದರಿಸುವ ದನಿಯಲ್ಲ, ಮೆತ್ತಗೇ ಕೇಳಿದರು. ನಾಲ್ಕು ಎಂದೆ. ಅವರು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಸಹಿ ಮಾಡಿದೆ.

ಇದನ್ನು ಆ ಆರು ಜನರ ಮುಂದೆ ನಿಂತು ಹೇಳಲು ಆಗಲಿಲ್ಲ.  ಯಾರೂ ನನ್ನ ಕೈ ಹಿಡಿದು ಸಹಿ ಮಾಡಿಸಲಿಲ್ಲ. ದಣಿದಿದ್ದೆ, ಬೇಗ ಮನೆಗೆ ಹೋಗಬೇಕಿತ್ತು, ಇಷ್ಟೇ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಕಸ್ತೂರಿಗೆ ಎಲ್ಲ ಹೇಳಿದೆ.  ತಾಟಿನ ಕಡೆ ನೋಡುತ್ತ ಒಂದೇ ಮಾತು ಕೇಳಿದಳು.

“ಆ ಹುಡಿಗಿ ಕೈ ನೋಡಿ ಬಂದ್ರೇನು?”

ನೋಡಿರಲಿಲ್ಲ. ಮಾರನೆಯ ದಿನ ರಜೆ ಹಾಕಿ ವಡೋದರಾದ ಬಸ್ಸು ಹಿಡಿದೆ.

ಬಾಗಿಲು ತೆಗೆದವಳು ಅನ್ವಿ. ಅಮ್ಮನನ್ನು ಕರೆಯಲು ಒಳಗೆ ಓಡಿದಳು. ವಿದ್ಯಾ ಎಡಗೈಯಿಂದ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಬಲಗೈ ಪೂರ್ತಿ ಬ್ಯಾಂಡೇಜು. ಅಡುಗೆಮನೆಯಲ್ಲಿ ಯಂತ್ರ ಇದ್ದ ಜಾಗ ಖಾಲಿ ಇತ್ತು, ಆ ಗೋಡೆಯ ಮೇಲೆ ಕಾಫಿಪುಡಿಯ ಕಲೆ ಹಾಗೆಯೇ ಇತ್ತು. ಕೂರಲು ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಅವಳು ಮಾತು ಶುರು ಮಾಡಿದಳು.

“ಕಾಕಾ, ನಂದ ತಪ್ಪೇನೊ ಅನಸ್ತದ. ಆ ವಾಷರ್ ತೊಳದ ಮ್ಯಾಲೆ ನಾ ಸರಿ ಕೂಡಸಿರಲಿಲ್ಲೇನೊ. ನೀವು ಅಷ್ಟ ಸಲ ಹೇಳಿಕೊಟ್ಟಿದ್ರಿ.”

ಕಂಪನಿಯ ವರದಿ ಹಿಂದಿನ ಸಂಜೆಯೇ ಇಮೇಲಿನಲ್ಲಿ ಅವಳಿಗೆ ತಲುಪಿತ್ತು. ನನ್ನ ಸಹಿ ಇದ್ದುದರಿಂದ ಅವಳು ಅದನ್ನು ನಂಬಿಬಿಟ್ಟಿದ್ದಳು. ಕಾಕಾ ಬರೆದಿದ್ದಾರೆ ಅಂದಮೇಲೆ ಹಾಗೇ ಇರಬೇಕು ಎಂದು ಗಂಡನೊಡನೆ ವಾದಿಸಿದ್ದಳಂತೆ.

ನಾನು ನಿಂತುಕೊಂಡೇ ಹೇಳಿದೆ. ಫ್ಯೂಸ್ ಎಂದರೇನು, ಅಲ್ಲಿ ನಾನು ಏನು ಹಾಕಿದ್ದೆ, ಯಾಕೆ ಬರಲಿಲ್ಲ, ಸಹಿ ಹೇಗೆ ಮಾಡಿದೆ, ಎಲ್ಲ. ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಕೇಳಿದಳು.

“ಗೊತ್ತಿದ್ದ ಹಾಕಿದ್ರಿ?”

“ಗೊತ್ತಿತ್ತವ್ವ.”

“ನನ್ನ ಮಗಳು ದಿನಾ ಅದರ ಮುಂದ ನಿಂತು ಹಾಲಿನ ನೊರಿ ನೋಡತಿದ್ಲು.”

 ಗಿರೀಶ ಮಧ್ಯಾಹ್ನದ ಊಟಕ್ಕೆ ಬಂದವನು ವಿಷಯ ಕೇಳಿ ಮೇಜಿನ ಮೇಲೆ ಕೈ ಬಡಿದ. ಪೊಲೀಸರ ಹತ್ತಿರ ಹೋಗೋಣ ಎಂದ. ಹೋಗೋಣ ಎಂದೆ, ನಿಜವಾಗಿಯೂ ಅದಕ್ಕೆ ತಯಾರಾಗಿಯೇ ಬಂದಿದ್ದೆ. ವಿದ್ಯಾ ಅವನನ್ನು ತಡೆದಳು. ಒಂದು ಬಿಳಿ ಹಾಳೆ ಕೊಟ್ಟು ಎಲ್ಲವನ್ನೂ ಬರೆದುಕೊಡಲು ಹೇಳಿದಳು. ನನ್ನ ಇಂಗ್ಲಿಷು ಸಾಲದು. ಕನ್ನಡದಲ್ಲೇ ಬರೆದೆ. ಗಿರೀಶ ಅದನ್ನು ಇಂಗ್ಲಿಷಿಗೆ ಮಾಡಿ ಮೇಲಿನವರಿಗೆಲ್ಲ ಕಳಿಸಿದ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಅವಳು ಒಳಗಿನಿಂದಲೇ ಇನ್ನೊಂದು ಮಾತು ಕೇಳಿದಳು.

“ಇನ್ನೆಷ್ಟು ಮನಿಯೊಳಗ ಹಿಂಗ ಮಾಡೀರಿ?”

ನಾಲ್ಕು ಎಂದೆ. ಅವಳು ಬಾಗಿಲ ತನಕ ಬರಲಿಲ್ಲ. ಕಾಕಾ ಎಂದು ಕರೆದದ್ದು ಆ ದಿನವೇ ಕೊನೆ.

ಆಮೇಲೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಕಂಪನಿ ಅವಳ ಆಸ್ಪತ್ರೆಯ ಖರ್ಚು ಕೊಟ್ಟಿತು, ಕ್ಷಮೆ ಕೇಳಿ ಪತ್ರ ಬರೆಯಿತು. ಹೊಸ ಯಂತ್ರವನ್ನೂ ಕಳಿಸಿತು. ಅವಳು ಪೆಟ್ಟಿಗೆ ಬಿಚ್ಚದೆ ವಾಪಸು ಕಳಿಸಿದಳು. ಮೆಹುಲ್‌ಭಾಯ್ ಬೇರೆ ಊರಿನ ಆಫೀಸಿಗೆ ಹೋದರು. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು ಭುಜ ಮುಟ್ಟಿ ಹೋದರು. ಅವರ ಮೇಲೆ ನನಗೆ ಆಗ ಸಿಟ್ಟು ಇರಲಿಲ್ಲ, ಈಗಲೂ ಇಲ್ಲ. ನನ್ನನ್ನು ಮನೆಗಳಿಗೆ ಕಳಿಸುವುದನ್ನು ನಿಲ್ಲಿಸಿ ವರ್ಕ್‌ಶಾಪಿನ ಬೆಂಚಿಗೆ ಹಾಕಿದರು. ನಿವೃತ್ತಿಯ ತನಕ ಅಲ್ಲೇ ಇದ್ದೆ.

ಆದರೆ ಆ ನಾಲ್ಕು ಮನೆಗಳಿದ್ದವು. ಕೊಯಾಲಿಯಿಂದ ಬಂದ ಮಾರನೆಯ ದಿನವೇ ಆಫೀಸಿನಲ್ಲಿ ಹೇಳಿದೆ. ಅವರು ಎಲ್ಲರಿಗೂ ಪತ್ರ ಹಾಕುತ್ತೇವೆ, ನೀನು ಸುಮ್ಮನಿರು ಎಂದರು. ಪತ್ರ ಯಾವಾಗ ಹೋಗುತ್ತದೋ ಕಾಯುವ ಧೈರ್ಯ ನನಗಿರಲಿಲ್ಲ. ಅಂದು ಸಂಜೆಯೇ ನಾಲ್ಕೂ ನಂಬರಿಗೆ ಫೋನು ಮಾಡಿದೆ. ಮೂವರು ಸಿಕ್ಕರು, ನಾನು ಬರುವ ತನಕ ಯಂತ್ರ ಹಚ್ಚಬೇಡಿ ಎಂದೆ. ಭಾನುವಾರ ರಿಲೀಫ್ ರೋಡಿಗೆ ಹೋಗಿ ಬಿಡಿಭಾಗಗಳ ಅಂಗಡಿಯಲ್ಲಿ ಫ್ಯೂಸ್ ಕೇಳಿದೆ. ಮೊದಲ ಅಂಗಡಿಯಲ್ಲಿ ಇರಲಿಲ್ಲ. ಎರಡನೆಯ ಅಂಗಡಿಯವನು ಬೇಕಾದ ಅಳತೆಯದನ್ನು ಡಬ್ಬಿಯಿಂದ ಮುಷ್ಟಿ ತುಂಬ ತೆಗೆದು ಗಾಜಿನ ಮೇಲೆ ಸುರಿದ. ನಮ್ಮ ಸ್ಟೋರಿನಲ್ಲಿ ತಿಂಗಳುಗಟ್ಟಲೆ ಇಲ್ಲದ ಸಾಮಾನು ಆಫೀಸಿನಿಂದ ಅರ್ಧ ಗಂಟೆ ದೂರದಲ್ಲಿ ಬಿದ್ದಿತ್ತು. ಅಷ್ಟು ದಿನ ನಾವ್ಯಾರೂ ಹುಡುಕಿರಲಿಲ್ಲ.

ಮೊದಲು ಹೋದದ್ದು ಪಾಲಡಿಯ ಸರೋಜ್‌ಬೆನ್ ಮನೆಗೆ. ಹೌದು, ಅವರ ಯಂತ್ರವೂ ಆ ಐದರಲ್ಲಿ ಒಂದು, ಜಿರಳೆಯ ಪ್ರಸಂಗದ ಮುಂದಿನ ವರ್ಷ ಮಾಡಿದ್ದು. ಫ್ಯೂಸ್ ಹಾಕಿ, ಥರ್ಮೋಸ್ಟ್ಯಾಟ್ ಪರೀಕ್ಷಿಸಿ, ಕೈ ಒರೆಸಿಕೊಂಡು, ಹಿಂದಿನ ಸಲ ನಾನು ಏನು ಮಾಡಿದ್ದೆ ಎಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಆ ಹುಳಗಳಿಗಾಗಿ ನೀವು ನನ್ನ ಬಾಲ್ಕನಿಯಲ್ಲಿ ಎರಡು ಗಂಟೆ ಕೂತವರಲ್ಲವೇ ಭಾಯ್ ಎಂದು ಗುಜರಾತಿಯಲ್ಲಿ ಕೇಳಿದರು. ಅಂಥವನು ಇದನ್ನು ಹೇಗೆ ಮಾಡಿದ ಎಂದು ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನಗೂ ಆಗಿರಲಿಲ್ಲ. ಅಹಮದಾಬಾದಿನ ಇನ್ನೊಂದು ಮನೆಯವನು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಹತ್ತು ನಿಮಿಷ ಬೈದ, ಆಮೇಲೆ ಒಳಗೆ ಬಿಟ್ಟ. ವಡೋದರಾದ ಮನೆಯವರು ಯಂತ್ರವನ್ನು ಅಟ್ಟದ ಮೇಲೆ ಹಾಕಿ ಮರೆತಿದ್ದರು. ಇಳಿಸಿ ಸರಿಮಾಡಿ ಮತ್ತೆ ಅಟ್ಟಕ್ಕೇ ಏರಿಸಿ ಬಂದೆ.

ಉಳಿದದ್ದು ಐದನೆಯದು, ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನದು. ಅಲ್ಲಿನ ಬಣ್ಣದ ಕಾರ್ಖಾನೆಯ ಮೇಲ್ವಿಚಾರಕನೊಬ್ಬನ ಮನೆ, ಕೆಲವು ತಿಂಗಳ ಹಿಂದೆ ಸೂರತ್ತಿಗೆ ಒಂದು ದಿನ ಬದಲಿಗೆ ಹೋದಾಗ ಡೈರೆಕ್ಟ್ ಮಾಡಿದ್ದು. ಅವನ ನಂಬರು ಬದಲಾಗಿತ್ತು. ಹೋಗಿ ನೋಡಿದರೆ ಮನೆಗೆ ಬೀಗ. ಕೆಲಸ ಬಿಟ್ಟು ಬೇರೆ ರಾಜ್ಯಕ್ಕೆ ಹೋದ ಎಂದು ಕಟ್ಟಡದ ಕಾವಲುಗಾರ ಹೇಳಿದ. ಸಾಮಾನುಗಳನ್ನೆಲ್ಲ ಮಾರಿ ಹೋಗಿದ್ದ. ಯಾರಿಗೆ ಎಂದು ಗೊತ್ತಿಲ್ಲ. ನಾನು ಮೂರು ಭಾನುವಾರ ಅಲ್ಲಿಗೆ ಹೋಗಿ ಬಂದೆ. ಅಹಮದಾಬಾದಿನಿಂದ ಸೂರತ್ತಿಗೆ ರೈಲು, ಅಲ್ಲಿಂದ ಶೇರ್ ಆಟೊ, ಆ ಮೊಣಕಾಲು. ಕಸ್ತೂರಿ ಬೇಡ ಅನ್ನಲಿಲ್ಲ, ಬುತ್ತಿ ಕಟ್ಟಿಕೊಟ್ಟಳು. ಕಾವಲುಗಾರನಿಂದ ಹಳೇ ಸಾಮಾನಿನವನ ಹೆಸರು ಸಿಕ್ಕಿತು. ಆ ಹಳೇ ಸಾಮಾನಿನವನು ಯಂತ್ರವನ್ನು ಫೋನಿನಲ್ಲಿ ಜಾಹೀರಾತು ಹಾಕಿ ಮಾರಿದ್ದ. ಬಹಳ ಕೇಳಿಕೊಂಡ ಮೇಲೆ ತೆಗೆದುಕೊಂಡವರ ವಿಳಾಸ ಕೊಟ್ಟ. ಉಧ್ನಾ ಸ್ಟೇಷನ್ನಿನ ಹಿಂದಿನ ಬೀದಿ, ನಾನು ಹದಿನೇಳು ವರ್ಷ ನಡೆದಾಡಿದ ಜಾಗ.

ಮೂರು ಜನ ಹುಡುಗಿಯರು ಬಾಡಿಗೆಗೆ ಇದ್ದ ಫ್ಲ್ಯಾಟು. ಬಾಗಿಲ ಸರಪಳಿ ತೆಗೆಯದೆ ಒಬ್ಬಳು ಇಣುಕಿದಳು. ಕರೆಯದೇ ಬಂದ ಮುದುಕ, ಪುಕ್ಕಟೆ ರಿಪೇರಿ ಮಾಡುತ್ತೇನೆ ಅನ್ನುತ್ತಾನೆ, ಒಳಗೆ ಬಿಡುವುದಾದರೂ ಹೇಗೆ. ನನ್ನ ಗುರುತಿನ ಚೀಟಿ ಕೊಟ್ಟೆ. ಅದರಲ್ಲಿದ್ದ ಹೆಸರು ಓದಿ ಅವಳು ಕನ್ನಡಕ್ಕೆ ತಿರುಗಿದಳು. ಸಿಂಧು ಎಂದು ಹೆಸರು, ಚಿತ್ರದುರ್ಗದವಳು, ಬಟ್ಟೆಯ ಡಿಸೈನ್ ಮಾಡುವ ಕಂಪನಿಯಲ್ಲಿ ಕೆಲಸ.

“ನಾವು ಯಾವ ಕಂಪ್ಲೇಂಟೂ ಕೊಟ್ಟಿಲ್ವಲ್ಲ ಅಂಕಲ್. ಮಿಷನ್ ಚೆನ್ನಾಗೇ ಇದೆ.”

ಚೆನ್ನಾಗಿದ್ದರೂ ಅದರೊಳಗೆ ನಾನು ಮಾಡಿಟ್ಟ ಒಂದು ತಪ್ಪಿದೆ, ಅದನ್ನು ತೆಗೆಯಲು ಬಂದಿದ್ದೇನೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಗೆಳತಿಯರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾಗಿಲು ತೆಗೆದಳು. ಯಂತ್ರವನ್ನು ನೋಡಿದ ಕೂಡಲೆ ಗುರುತಾಯಿತು. ಬದಿಯಲ್ಲಿ ನಾನೇ ಸ್ಕ್ರೂಡ್ರೈವರ್ ಜಾರಿಸಿ ಮಾಡಿದ ಗೀರು ಇತ್ತು. ಪ್ಲಗ್ ತೆಗೆದು, ತಣ್ಣಗಾಗುವ ತನಕ ಕಾದು, ನೆಲದ ಮೇಲೆ ಕೂತು ಆರು ಸ್ಕ್ರೂ ಬಿಚ್ಚಿದೆ.

ನನ್ನ ತಂತಿ ಇರಲಿಲ್ಲ.

ಆ ಜಾಗದಲ್ಲಿ ಹೊಸ ಫ್ಯೂಸ್ ಇತ್ತು. ಸರಿಯಾದ ಅಳತೆಯದು. ಬಾಯ್ಲರಿನ ಮೈಗೆ ತಾಗುವಂತೆ ಕ್ಲಿಪ್ಪಿನಲ್ಲಿ ಬಿಗಿದಿದ್ದರು. ತಂತಿಗಳಿಗೆ ಕಾವು ತಡೆಯುವ ಬಿಳಿ ಕವಚ ತೊಡಿಸಿದ್ದರು. ಸೇರಿಕೆಗಳನ್ನು ನನ್ನ ಹಾಗೆ ತಿರುಚಿ ಬಿಟ್ಟಿರಲಿಲ್ಲ, ಒತ್ತಿ ಕೂರಿಸಿದ್ದರು. ಥರ್ಮೋಸ್ಟ್ಯಾಟೂ ಹೊಸದಾಗಿತ್ತು. ಬಾಯ್ಲರಿನ ಸುತ್ತ ಕ್ಷಾರದ ಒಂದು ಚೂರಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಬಹಳ ವರ್ಷದಿಂದ ನೋಡಿರಲಿಲ್ಲ, ನನ್ನ ಕೈಯಿಂದಂತೂ ಇಲ್ಲ.

ಯಾರು ಮಾಡಿದರು ಎಂದು ಕೇಳಿದೆ. ಸಿಂಧುವಿಗೆ ಗೊತ್ತಿರಲಿಲ್ಲ, ಅವಳು ತಂದಾಗಿನಿಂದ ಯಂತ್ರವನ್ನು ಯಾರೂ ಬಿಚ್ಚಿರಲಿಲ್ಲ. ಹಳೇ ಸಾಮಾನಿನವನಿಗೆ ಫೋನು ಮಾಡಿದೆ. ಅವನು ನೆನಪು ಮಾಡಿಕೊಂಡು, ಮಾರುವ ಮೊದಲು ನೀರು ಸೋರುತ್ತಿತ್ತು, ಯಾರಿಗೋ ಕೊಟ್ಟಿದ್ದೆ, ವಾಷರ್ ಬದಲಿಸಿದ್ದಕ್ಕೆ ಮಾತ್ರ ದುಡ್ಡು ತೆಗೆದುಕೊಂಡ, ಬೇರೇನೂ ಹೇಳಲಿಲ್ಲ ಎಂದ. ರಿಪೇರಿ ಮಾಡಿದವನ ಹೆಸರು ತನಗೆ ನೆನಪಿಲ್ಲ, ಆ ಅಂಗಡಿಯೂ ಈಗಿಲ್ಲ ಎಂದೂ ಸೇರಿಸಿದ.

ಅಂದರೆ ಯಾರೋ ಒಬ್ಬ ಸೋರುವ ವಾಷರಿಗೆಂದು ಯಂತ್ರ ಬಿಚ್ಚಿದ್ದಾನೆ. ನನ್ನ ತಂತಿ ಕಂಡಿದೆ. ಬಹುಶಃ ನನಗೆ ಒಂದು ಬೈಗುಳ ಹಾಕಿದ್ದಾನೆ. ತೆಗೆದು ಸರಿಮಾಡಿ ಮುಚ್ಚಳ ಹಾಕಿದ್ದಾನೆ. ಯಾರಿಗೂ ಹೇಳಿಲ್ಲ. ಅವನಿಗೂ ದಿನಕ್ಕೆ ಇಷ್ಟು ಯಂತ್ರ ಎಂಬ ಲೆಕ್ಕ ಇದ್ದಿರಬಹುದು, ಅವನ ಮೊಣಕಾಲೂ ನೋಯುತ್ತಿರಬಹುದು.

ಆ ಮಧ್ಯಾಹ್ನ ಉಧ್ನಾದ ಬೀದಿಯಲ್ಲಿ ಮಿಕ್ಸರು, ಇಸ್ತ್ರಿಪೆಟ್ಟಿಗೆ ರಿಪೇರಿಯ ನಾಲ್ಕೈದು ಅಂಗಡಿಗಳಲ್ಲಿ ಅವನನ್ನು ಹುಡುಕಿದೆ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಎದುರಿಗೆ ಕೂತು ಆ ಬೈಗುಳವನ್ನು ಮುಖಾಮುಖಿ ಕೇಳಿಸಿಕೊಳ್ಳಬೇಕೆಂದು ಇತ್ತು. ಸಿಗಲಿಲ್ಲ.

ಅದು ಆಮೇಲಿನ ಮಾತು. ಆ ಫ್ಲ್ಯಾಟಿನ ಅಡುಗೆಮನೆಯಲ್ಲಿ ಬಿಚ್ಚಿದ ಯಂತ್ರದ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಏನಾದರೂ ಪ್ರಾಬ್ಲಮ್ ಇದೆಯಾ ಅಂಕಲ್ ಎಂದು ಸಿಂಧು ಎರಡು ಸಲ ಕೇಳಿದಳು.

“ಇಲ್ಲವ್ವ. ಬಲ್ಲವರು ಯಾರೋ ಮಾಡ್ಯಾರ. ಹೆದರಬ್ಯಾಡ, ದಿನಾ ಕಾಫಿ ಮಾಡ್ಕೊ.”

ಮುಚ್ಚಳ ಹಾಕಿ, ಆರೂ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿದೆ. ಎದ್ದು ನಿಲ್ಲಲು ಮಾತ್ರ ಆಗಲಿಲ್ಲ. ಆ ಹುಡುಗಿಯರು ಎರಡೂ ಕಡೆ ಕೈ ಕೊಟ್ಟು ಎಬ್ಬಿಸಿದರು.